ಗಂಡಿಕೋಟಕ್ಕೆ ಹೊರಟವರಿಗೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ರಾತ್ರಿ ನಿಮ್ಮ ಬಸ್ಸು ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟಕ್ಕೆ, ಅಲ್ಲಿನ ಕಣಿವೆ, ಕೋಟೆ ನೋಡಲು ಹೊರಡುತ್ತಿದೆ. ಅದಕ್ಕೇ ನನ್ನನ್ನು ಕರೆದಿದ್ದೀರಿ. ಆದರೆ ಕರಪತ್ರದಲ್ಲಿ ‘ಭಾರತದ ಗ್ರ್ಯಾಂಡ್ ಕ್ಯಾನ್ಯನ್’ ಅಂತ ಹಾಕಿದ್ದೀರಲ್ಲ, ಮೊದಲು ಆ ಜಗಳ ಮುಗಿಸೋಣ.

ಅಮೆರಿಕದ ಆ ಕಣಿವೆಯ ಆಳ ಒಂದೂವರೆ ಕಿಲೋಮೀಟರಿಗೂ ಜಾಸ್ತಿ. ಗಂಡಿಕೋಟದ್ದು ಸುಮಾರು 300 ಅಡಿ. ಸೋಲುವ ಪಂದ್ಯಕ್ಕೆ ನಾವಾಗಿಯೇ ಯಾಕೆ ಇಳಿಯಬೇಕು? ಇದನ್ನು ಕೊರೆದವಳು ಪೆನ್ನಾರ್ ನದಿ. ಅಂದರೆ ನಮ್ಮ ನಂದಿ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ. ಚಳಿಗಾಲದ ಭಾನುವಾರ ನಾವೆಲ್ಲ ನಸುಕಿನಲ್ಲೇ ಎದ್ದು ಓಡುವುದು ಆ ಕಡೆಗೇ ಅಲ್ವಾ? ಮಂಜು ನೋಡಲು ಹೋಗಿ ಮುಂದಿನ ಕಾರಿನ ಬ್ರೇಕ್ ಲೈಟ್ ನೋಡಿ ಬರುತ್ತೇವೆ, ಆ ಮಾತು ಬೇರೆ.

ಒಮ್ಮೆ ಜನವರಿಯಲ್ಲಿ ನಮ್ಮ ಅತ್ತೆಯವರನ್ನು ಗಂಡಿಕೋಟಕ್ಕೆ ಕರೆದುಕೊಂಡು ಹೋಗಿದ್ದೆ. ಅವರು ಗೌರಿಬಿದನೂರಿನವರು. ತಲೆಗೆ ಉಣ್ಣೆ ಟೋಪಿ, ಮೇಲೊಂದು ಶಾಲು. ಬಂಡೆಯ ಅಂಚಿಗೆ ಬರಲು ಒಪ್ಪಲೇ ಇಲ್ಲ. ದೂರದಲ್ಲೇ ಕೂತು ಚಕ್ಕುಲಿ ಡಬ್ಬಿ ಬಿಚ್ಚಿದರು. ‘ಅತ್ತೆ, ಇದು ನಿಮ್ಮೂರ ನದಿನೇ’ ಅಂದೆ. ಡಬ್ಬಿ ಮುಚ್ಚಿ ಎದ್ದು ಬಂದರು. ಬಗ್ಗಿ ನೋಡಿದರು. ‘ಸುಮ್ನಿರಿ ಅಳಿಯಂದಿರೇ. ನಮ್ಮೂರಲ್ಲಿ ಕಾಲು ತೊಳೆಯೋಕೂ ನೀರಿರಲ್ಲ. ಇವಳು ಇಷ್ಟೊಂದು ಎಲ್ಲಿಂದ ತಂದಳು?’ ಪಕ್ಕದಲ್ಲಿ ಡ್ರೋನ್ ಹಾರಿಸುತ್ತಿದ್ದ ನಮ್ಮ ಬೆಂಗಳೂರಿನ ಹುಡುಗರೂ ನಕ್ಕರು.

ಅತ್ತೆಯವರ ಅನುಮಾನ ಸರಿಯಾದದ್ದೇ. ಅಲ್ಲಿನ ಜಲಾಶಯಕ್ಕೆ ಶ್ರೀಶೈಲದ ಕಡೆಯಿಂದ ಕಾಲುವೆಯಲ್ಲಿ ಕೃಷ್ಣೆಯ ನೀರು ಬರುತ್ತದೆ. ಕಣಿವೆ ಪಿನಾಕಿನಿಯದು, ನೀರಿಗೆ ಕೃಷ್ಣೆ ಬರಬೇಕು! ನದಿಯ ಮೇಲ್ಭಾಗದ ನಮ್ಮ ಜಿಲ್ಲೆಗಳಲ್ಲಿ ಮರಳು ತೆಗೆದೆವು, ಊರೂರಿಗೆ ಬೋರ್‌ವೆಲ್ ಕೊರೆದೆವು. ಗ್ರ್ಯಾಂಡ್ ಕ್ಯಾನ್ಯನ್ ಅಂತ ಹೆಸರಿಟ್ಟರೆ ಇದ್ಯಾವುದೂ ನೆನಪಾಗುವುದಿಲ್ಲ. ಎಲ್ಲೋ ದೂರದ ಜಾಗ, ನಮಗೂ ಅದಕ್ಕೂ ಸಂಬಂಧವಿಲ್ಲ ಅನ್ನಿಸಿಬಿಡುತ್ತದೆ.

ಇನ್ನು ಕಲ್ಲು. ಹೋಲಿಸಲೇಬೇಕು ಅನ್ನುವವರು ಇದನ್ನು ಹೋಲಿಸಿ. ಅಮೆರಿಕದ ಕಣಿವೆಯಲ್ಲಿ ನೀವು ನಿಂತು ನೋಡುವ ಅಂಚಿನ ಕಲ್ಲಿಗೆ ಸುಮಾರು 27 ಕೋಟಿ ವರ್ಷ. ಗಂಡಿಕೋಟದ ಕಲ್ಲು ನೂರು ಕೋಟಿ ವರ್ಷಕ್ಕೂ ಹಳೆಯದು. ಮರಳು ಪದರ ಪದರವಾಗಿ ಕೂತು, ಒತ್ತಡಕ್ಕೆ ಗಟ್ಟಿಯಾಗಿ ಆದ ಕಲ್ಲು. ನೆಟ್ಟಗೆ ಬಿರುಕು ಬಿಟ್ಟು ಚೌಕ ಚೌಕವಾಗಿ ಒಡೆಯುತ್ತದೆ. ಯಾರೋ ಇಟ್ಟಿಗೆ ಜೋಡಿಸಿದ ಹಾಗೆ. ಬೆಳಗಿನ ಎಳೆಬಿಸಿಲು ಅಡ್ಡ ಬಿದ್ದಾಗ ಒಂದೊಂದು ಪದರವೂ ಎದ್ದು ಕಾಣುತ್ತದೆ. ಚಳಿಗಾಲದಲ್ಲೇ ಹೋಗಿ ಅನ್ನುವುದು ಇದಕ್ಕೆ. ಹಿಂಗಾರು ಮಳೆ ಮುಗಿದು ಗಾಳಿ ತಿಳಿಯಾಗಿರುತ್ತದೆ. ಬೇಸಿಗೆಯಲ್ಲಿ ಕಡಪದ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಮೇಲೆ ಕೂರಲಾಗುವುದಿಲ್ಲ.

ಚೀಟಿ ಬಂತು. ಐದು ನಿಮಿಷವಂತೆ. ಕೋಟೆಯ ಕತೆ ವಿವರವಾಗಿ ಹೇಳಬೇಕೆಂದಿದ್ದೆ. 1650ರ ಆಸುಪಾಸಿನಲ್ಲಿ ಗೋಲ್ಕೊಂಡದ ಸೇನಾನಿ ಮೀರ್ ಜುಮ್ಲಾ ಕೋಟೆ ಹಿಡಿದ. 1652ರಲ್ಲಿ ಫ್ರೆಂಚ್ ವಜ್ರ ವ್ಯಾಪಾರಿ ಟಾವೆರ್ನಿಯೇ ಅವನನ್ನು ನೋಡಲು ಅಲ್ಲಿಗೇ ಬಂದ. ಮಾಧವರಾಯನ ಗುಡಿ, ಜಾಮಿಯಾ ಮಸೀದಿ, ಕಣಜ, ಮೂರನ್ನೂ ಬಿಡಬೇಡಿ.

ಅಂಚಿನ ಉದ್ದಕ್ಕೂ ಕಂಬಿ ಇಲ್ಲ. ಟಾರ್ಚ್ ಇಲ್ಲದೆ ಕತ್ತಲಲ್ಲಿ ಬಂಡೆ ಹತ್ತಬೇಡಿ. ವಾಪಸ್ ಬರುವಾಗ ಹಿಂದೂಪುರ, ಗೌರಿಬಿದನೂರಿನ ದಾರಿ ಹಿಡಿಯಿರಿ, ನದಿಯನ್ನು ಮೇಲಕ್ಕೂ ನೋಡಿದಂತಾಗುತ್ತದೆ. ಡ್ರೈವರಿಗೆ ಮಾತ್ರ ಈಗಲೇ ಹೇಳಿಬಿಡಿ. ಆಮೇಲೆ ಡೀಸೆಲ್ ಲೆಕ್ಕಕ್ಕೆ ಜಗಳ ಬರುತ್ತದೆ.