ಬಸುರಿಯ ವಾಕರಿಕೆ ಮತ್ತು ಮನೆಯ ಒಲೆ

ಮಾನ್ಯ ಅಧ್ಯಕ್ಷರೇ, ಜಯನಗರದ ಈ ಸಭಾಂಗಣಕ್ಕೆ ಸಂಜೆಯ ಕೆಲಸ ಬಿಟ್ಟು ಬಂದಿರುವ ತಾಯಂದಿರೇ, ಅತ್ತೆಯಂದಿರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ಗಂಡಂದಿರೇ,

ಬಸಿರಿನ ವಾಕರಿಕೆಯನ್ನು ಆದಷ್ಟು ಮನೆಯಲ್ಲೇ ಸಹಜವಾಗಿ ಹತೋಟಿಗೆ ತಂದುಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಶುಂಠಿ, ನಿಂಬೆ, ನೆಲ್ಲಿಕಾಯಿಗಳ ವಿಷಯಕ್ಕೆ ಖಂಡಿತ ಬರುತ್ತೇನೆ. ಪ್ರಸೂತಿ ವೈದ್ಯೆಯಾಗಿ ಈ ಊರಿನಲ್ಲಿ ಬಹುಕಾಲ ಕೆಲಸ ಮಾಡಿದ ಮೇಲೆ ನನ್ನಲ್ಲಿ ಗಟ್ಟಿಯಾಗಿ ನೆಲೆನಿಂತ ಒಂದು ಮಾತನ್ನು ಮಾತ್ರ ಅದಕ್ಕೂ ಮೊದಲೇ ಹೇಳಬೇಕಾಗಿದೆ. ವಾಕರಿಕೆಗೆ ಮೊದಲನೆಯ ಮನೆಮದ್ದು ಎಂದರೆ ಬಸುರಿಯನ್ನು ಒಗ್ಗರಣೆಯ ಬಾಣಲೆಯ ಮುಂದಿನಿಂದ ಬಿಡಿಸುವುದು. ಮಿಕ್ಕ ಮದ್ದುಗಳೆಲ್ಲ ಅದರ ನಂತರದವು.

ಮೈಸೂರು ರಸ್ತೆಯ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದ ಹುಡುಗಿಯೊಬ್ಬಳು ತನ್ನ ಗಂಡ ಮತ್ತು ಅತ್ತೆಯೊಂದಿಗೆ ನನ್ನ ಬಳಿಗೆ ಬಂದಿದ್ದಳು. ಎರಡು ತಿಂಗಳು ತುಂಬಿತ್ತು; ತಿಂದದ್ದು ಯಾವುದೂ ನಿಲ್ಲುತ್ತಿರಲಿಲ್ಲ. ಅತ್ತೆ ಒಳ್ಳೆಯವರು, ಸೊಸೆಯ ಮೇಲೆ ನಿಜವಾದ ಅಕ್ಕರೆಯಿದ್ದವರು. ಶುಂಠಿ, ಜೀರಿಗೆ, ಮೆಣಸು ಕುಟ್ಟಿ ಹಾಕಿದ ಕಷಾಯವನ್ನು ದಿನವೂ ಬೆಳಗ್ಗೆ ತಾವೇ ಕೈಯಾರೆ ಕುಡಿಸುತ್ತಿದ್ದರು. "ಮನೆಮದ್ದೆಲ್ಲ ಆಯಿತು ಡಾಕ್ಟ್ರೇ, ಯಾವುದೂ ಹಿಡಿಯಲಿಲ್ಲ" ಎಂದರು. ನಾನು ಹುಡುಗಿಯನ್ನು, "ಎದ್ದ ಕೂಡಲೇ ಏನು ಮಾಡುತ್ತೀಯಮ್ಮಾ?" ಎಂದು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಅತ್ತೆಯವರು ಉತ್ತರ ಕೊಟ್ಟರು: ಐದು ಗಂಟೆಗೆ ಏಳುತ್ತಾಳೆ, ಕಷಾಯ ಕುಡಿಯುತ್ತಾಳೆ, ಮೂರು ಡಬ್ಬಿಗೆ ಅಡುಗೆ ಮಾಡುತ್ತಾಳೆ, ಏಳು ಗಂಟೆಯ ಬಸ್ಸಿಗೆ ಓಡುತ್ತಾಳೆ. "ತಿಂಡಿ ಯಾವಾಗ?" ಎಂದೆ. ಅದಕ್ಕೆ ಮೂವರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಗೆ ಖಾರದ ಕಷಾಯ, ಅದರ ಬೆನ್ನಿಗೆ ಕಾದ ಎಣ್ಣೆಯಲ್ಲಿ ಸಿಡಿಯುವ ಸಾಸಿವೆ, ಇಂಗು, ಬೆಳ್ಳುಳ್ಳಿಯ ಘಾಟು. ಬಸಿರಿನ ಮೊದಲ ತಿಂಗಳುಗಳಲ್ಲಿ ವಾಸನೆಗಳು ಅತಿಯಾಗಿ ಕಾಡುತ್ತವೆ ಎಂಬುದನ್ನು ಇಲ್ಲಿರುವ ಹೆಂಗಸರಿಗೆ ನಾನು ವಿವರಿಸಬೇಕಾಗಿಲ್ಲ. ಖಾಲಿ ಹೊಟ್ಟೆ ಮತ್ತು ಅಡುಗೆಯ ವಾಸನೆ ಎರಡೂ ವಾಕರಿಕೆಯನ್ನು ಕೆರಳಿಸುತ್ತವೆ, ಮತ್ತು ಈ ಹುಡುಗಿಯ ಬೆಳಗು ಶುರುವಾಗುತ್ತಿದ್ದುದೇ ಆ ಎರಡರಿಂದ. ನಾನು ಔಷಧಿಯ ಚೀಟಿ ಬರೆಯುವುದಕ್ಕೆ ಮೊದಲು, "ಅಡುಗೆ ಬೇರೆ ಯಾರು ಮಾಡಬಲ್ಲಿರಿ?" ಎಂದು ಕೇಳಿದೆ. ಅತ್ತೆಯವರಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾರರು. ಸ್ವಲ್ಪ ಹೊತ್ತು ಸುಮ್ಮನಿದ್ದ ಆ ತಾಯಿ, "ನಾನೂ ಮೂರು ಹೆತ್ತೆ ಡಾಕ್ಟ್ರೇ, ಈ ಪ್ರಶ್ನೆ ನನ್ನ ಪರವಾಗಿ ಯಾರೂ ಕೇಳಿರಲಿಲ್ಲ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನಾಳೆಯಿಂದ ಒಗ್ಗರಣೆ ನೀನು ಹಾಕು, ನಾನು ಕೂತು ಹೇಳಿಕೊಡ್ತೀನಿ" ಎಂದು ತೀರ್ಪು ಕೊಟ್ಟುಬಿಟ್ಟರು. ಮೊದಲ ವಾರ ಅವನು ಕರಕಲು ಮಾಡಿದ ಸಾಸಿವೆಯ ಸುದ್ದಿ ವಠಾರಕ್ಕೆಲ್ಲ ತಿಳಿಯಿತಂತೆ. ಆದರೂ ಡಬ್ಬಿಗಳು ತುಂಬಿದವು. ಹುಡುಗಿ ತಲೆದಿಂಬಿನ ಪಕ್ಕ ಒಂದು ಡಬ್ಬಿಯಲ್ಲಿ ಕಡ್ಲೆಪುರಿ, ಹುರಿಗಡಲೆ ಇಟ್ಟುಕೊಂಡು, ಹಾಸಿಗೆಯಲ್ಲೇ ನಾಲ್ಕು ಕಾಳು ಅಗಿದು, ಕಾಲು ಗಂಟೆ ಮಲಗಿದ್ದು ನಂತರ ಏಳತೊಡಗಿದಳು. ವಾಂತಿ ಪೂರ್ತಿ ನಿಂತಿತೆಂದು ನಾನು ಹೇಳುವುದಿಲ್ಲ. ತಿಂದದ್ದರಲ್ಲಿ ಬಹುಪಾಲು ಹೊಟ್ಟೆಯಲ್ಲಿ ಉಳಿಯತೊಡಗಿತು, ಅವಳು ಬಸ್ಸಿನಲ್ಲಿ ತಲೆಯೆತ್ತಿ ಕೂರುವಂತಾದಳು.

ಈ ವಾಕರಿಕೆ ಏಕೆ ಬರುತ್ತದೆ ಎಂಬುದನ್ನೂ ತಿಳಿದಿರಬೇಕು, ಏಕೆಂದರೆ "ಎಲ್ಲ ಮನಸ್ಸಿನದು, ಇವಳದು ಸ್ವಲ್ಪ ಜಾಸ್ತಿ" ಎಂಬ ಮಾತು ಈಗಲೂ ಮನೆಗಳಲ್ಲಿ ಕೇಳಿಬರುತ್ತದೆ. ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ, ಕೆಲವು ಲೆಕ್ಕಗಳಲ್ಲಿ 80 ಮಂದಿಗೆ, ವಾಕರಿಕೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಶುರುವಾಗಿ, ಒಂಬತ್ತು ಹತ್ತನೆಯ ವಾರಗಳಲ್ಲಿ ಜೋರಾಗಿ, ಹೆಚ್ಚಿನವರಿಗೆ 16ರಿಂದ 20 ವಾರಗಳೊಳಗೆ ಇಳಿಯುತ್ತದೆ. ಬೆಳಗ್ಗೆ ಮಾತ್ರವಲ್ಲ, ಹಲವರಿಗೆ ದಿನವಿಡೀ ಇರುತ್ತದೆ. 2023ರ ಡಿಸೆಂಬರಿನಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಮುಖ್ಯ ಕಾರಣವೊಂದನ್ನು ಗುರುತಿಸಿತು. ಗರ್ಭದಲ್ಲಿರುವ ಮಗು ಮತ್ತು ಮಾಸು ಜಿಡಿಎಫ್ 15 ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಬಸಿರಿಗೆ ಮುಂಚೆ ಯಾರ ರಕ್ತದಲ್ಲಿ ಅದರ ಮಟ್ಟ ಕಡಿಮೆಯಿತ್ತೋ ಅವರಿಗೆ ಈ ಹಠಾತ್ ಏರಿಕೆ ಹೆಚ್ಚು ತಟ್ಟುತ್ತದೆ. ಮೊದಲಿನಿಂದಲೂ ಇದರ ಮಟ್ಟ ಹೆಚ್ಚಿರುವ ಬೀಟಾ ಥಲಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯಿರುವವರಲ್ಲಿ ಬಸಿರಿನ ವಾಕರಿಕೆ ಬಹಳ ಕಡಿಮೆ ಎಂಬುದೂ ಅದರಲ್ಲೇ ಕಂಡುಬಂತು. ಅವಳು ಜಂಬಕ್ಕೆ ವಾಂತಿ ಮಾಡುತ್ತಿಲ್ಲ, ಅವಳ ರಕ್ತದಲ್ಲಿ ಹರಿಯುತ್ತಿರುವುದು ಹಾಗೆ ಮಾಡಿಸುತ್ತಿದೆ ಎಂದು ಇನ್ನು ಮುಂದೆ ಧೈರ್ಯವಾಗಿ ಹೇಳಿ. ಹಾಗೆಯೇ, ವಾಂತಿ ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು ಎಂದು ಎಣಿಸುತ್ತ ಕೂರುವುದನ್ನು ದಯವಿಟ್ಟು ಬಿಟ್ಟುಬಿಡಿ. ಅದರಿಂದ ಮಗುವಿನ ಲಿಂಗ ತಿಳಿಯುವುದಿಲ್ಲ; ಆ ಹುಡುಗಿಯ ಎದೆಯ ಮೇಲೆ ಭಾರ ಕೂರುತ್ತದೆ, ಅಷ್ಟೇ.

ಈಗ ಮನೆಯ ಮದ್ದುಗಳಿಗೆ ಬರೋಣ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಬಿಸಿ ಊಟಕ್ಕಿಂತ ತಣ್ಣಗಿನ ಮೊಸರನ್ನ, ಅವಲಕ್ಕಿ ಮೊಸರು, ರಾಗಿ ಅಂಬಲಿಗಳಿಗೆ ವಾಸನೆ ಕಡಿಮೆ. ಅವು ಸುಲಭವಾಗಿ ಇಳಿಯುತ್ತವೆ. ಹೆಸರುಕಾಳು, ಕಡಲೆ, ಮೊಟ್ಟೆಯಂಥ ಪ್ರೋಟೀನು ಇರುವ ಆಹಾರ ಬರಿಯ ಅನ್ನಕ್ಕಿಂತ ವಾಕರಿಕೆಯನ್ನು ಚೆನ್ನಾಗಿ ತಡೆಯುತ್ತದೆ. ನೀರನ್ನು ಊಟದ ಜೊತೆ ಲೋಟಗಟ್ಟಲೆ ಕುಡಿಯುವ ಬದಲು ನಡುನಡುವೆ ಗುಟುಕಾಗಿ ಕುಡಿಯಲಿ. ಮಜ್ಜಿಗೆಯಾಗಲಿ ಎಳನೀರಾಗಲಿ ಸೊಗಸು. ತಿಂದ ಕೂಡಲೇ ಹಲ್ಲುಜ್ಜುವುದು ಬೇಡ. ಶುಂಠಿಗೆ ಒಳ್ಳೆಯ ಆಧಾರವಿದೆ: ದಿನಕ್ಕೆ ಒಟ್ಟು 1 ಗ್ರಾಂ ಒಣಶುಂಠಿಯ ಪುಡಿಯನ್ನು ನಾಲ್ಕು ಪಾಲು ಮಾಡಿ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ವಾಕರಿಕೆ ಇಳಿದಿದೆ, ವಾಂತಿಯ ಮೇಲೆ ಅಷ್ಟು ಪ್ರಭಾವ ಕಂಡಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಶುರುಮಾಡಬಾರದು. ನಿಂಬೆಹಣ್ಣಿನ ಪರಿಮಳ, ಒಂದು ಚೂರು ಉಪ್ಪಿನ ನೆಲ್ಲಿಕಾಯಿ ಯಾರಿಗೆ ಹಿತವೋ ಅವರು ಬಳಸಲಿ. ಮಣ್ಣು, ಬಳಪ, ಬೂದಿ ತಿನ್ನುವ ಬಯಕೆಯಾದರೆ ಮಾತ್ರ ಅದನ್ನು ತೀರಿಸದೆ ವೈದ್ಯರಿಗೆ ಹೇಳಿ. ಮಣ್ಣಿನಲ್ಲಿ ಸೀಸ ಇರಬಹುದು, ಬಯಕೆಯ ಹಿಂದೆ ರಕ್ತಹೀನತೆ ಇರಬಹುದು.

ಇಷ್ಟೆಲ್ಲ ಪಟ್ಟಿ ಕೊಟ್ಟ ಮೇಲೂ ನಾನು ಮತ್ತೆ ಒಲೆಯ ಬಳಿಗೇ ಬರುತ್ತೇನೆ. ಈ ಅಂಬಲಿ ಕಾಯಿಸುವವರು ಯಾರು, ಮೊಸರನ್ನ ಕಲಸುವವರು ಯಾರು? ಅವಳೇ ಆದರೆ ಪಟ್ಟಿ ಉದ್ದವಾದಷ್ಟೂ ಅವಳ ಕೆಲಸವೇ ಬೆಳೆಯಿತು.

ಸಮಯವಾಯಿತೆಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಮಾತ್ರೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಸುರಿ ಮಾತ್ರೆ ನುಂಗಬಾರದೆಂಬ ಹೆದರಿಕೆಗೆ ಕಾರಣವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಬೆಳಗಿನ ವಾಕರಿಕೆಗೂ ಕೊಟ್ಟರು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ವಾಕರಿಕೆಗೆ ಇಂದು ನಾವು ಬರೆದುಕೊಡುವ ಡಾಕ್ಸಿಲಮಿನ್ ಮತ್ತು ಬಿ6 ಜೀವಸತ್ವದ ಜೋಡಿ ಅಂಥದ್ದಲ್ಲ. ಬಹಳ ಕಾಲದಿಂದ, ಬಹಳ ದೊಡ್ಡ ಸಂಖ್ಯೆಯ ತಾಯಂದಿರಲ್ಲಿ ಪರೀಕ್ಷೆಗೆ ಒಳಗಾಗಿ ಮಗುವಿಗೆ ಅಪಾಯವಿಲ್ಲವೆಂದು ತಿಳಿದಿರುವಂಥದ್ದು. ಮನೆಮದ್ದಿಗೆ ಬಗ್ಗದಿದ್ದರೆ ಅದನ್ನು ತೆಗೆದುಕೊಳ್ಳುವುದು ಸೋಲಲ್ಲ. ಮೊದಲ ಮೂರು ತಿಂಗಳು ಕಬ್ಬಿಣದ ಮಾತ್ರೆ ಹೊಟ್ಟೆ ತೊಳಸಿದರೆ ವೈದ್ಯರನ್ನು ಕೇಳಿ ಮುಂದೂಡಬಹುದು. ಫೋಲಿಕ್ ಆಮ್ಲ ಮಾತ್ರ ನಿಲ್ಲಿಸಬಾರದು.

ಇನ್ನು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು. ಒಂದು ಹಗಲು ಒಂದು ರಾತ್ರಿ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವಾಗದಿದ್ದರೆ ಅಥವಾ ಅದು ಕಡು ಬಣ್ಣಕ್ಕೆ ತಿರುಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಜೊತೆಗಿದ್ದರೆ, 50 ಕಿಲೋ ಇದ್ದವಳು ಎರಡೂವರೆ ಕಿಲೋ ಇಳಿದರೆ, ಅಲ್ಲಿಗೆ ಕಷಾಯದ ಕೆಲಸ ಮುಗಿಯಿತು. ಹೀಗೆ ವಾರಗಟ್ಟಲೆ ವಾಂತಿಯಾದವಳಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೊಡಬೇಕು. ಇಲ್ಲದಿದ್ದರೆ ಮಿದುಳಿಗೆ ಪೆಟ್ಟು ಬೀಳಬಹುದು. ಎಷ್ಟು ದಿನದಿಂದ ಊಟ ಹೊಟ್ಟೆಯಲ್ಲಿ ಉಳಿದಿಲ್ಲ ಎಂಬುದನ್ನು ಜೊತೆಗೆ ಹೋದವರು ವೈದ್ಯರಿಗೆ ಮರೆಯದೆ ಹೇಳಿ, ತಾಯಿ ಕಾರ್ಡನ್ನೂ ಒಯ್ಯಿರಿ. ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ಮುಂದಿನ ಸಾಲಿನಿಂದ ಒಬ್ಬರು, ಮೊದಲ ಬಸಿರಿನಲ್ಲಿ ಬಹಳ ಕಷ್ಟಪಟ್ಟವರಿಗೆ ಎರಡನೆಯದರಲ್ಲೂ ಹೀಗೇ ಆಗುತ್ತದೆಯೇ ಎಂದು ಬರೆದು ಕೇಳಿದ್ದಾರೆ. ಆಗುವ ಸಂಭವ ಹೆಚ್ಚು. ಮಗು ಬೇಕೆಂದು ನಿಶ್ಚಯಿಸಿದವರು ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳು ಮೊದಲೇ ವೈದ್ಯರ ಸಲಹೆಯಂತೆ ಜೀವಸತ್ವದ ಮಾತ್ರೆ ಶುರುಮಾಡಿದರೆ ವಾಕರಿಕೆಯ ಜೋರು ತಗ್ಗಬಹುದು. ಆ ತಿಂಗಳಿನಲ್ಲೇ ಗಂಡ ಒಗ್ಗರಣೆ ಹಾಕುವುದನ್ನು ಕಲಿತುಕೊಳ್ಳಲಿ.