ಬೆಳಕಿಂದ ವಸ್ತು ಮಾಡೋಕಾಗುತ್ತಾ? ಕರೆಂಟ್ ಎಷ್ಟು ಬೇಕು?

(ಜೋಗಿಮಟ್ಟಿ ಕಡೆಯ ಗುಡ್ಡ, ಗಾಳಿ ಫ್ಯಾನ್‌ಗಳ ಶಾಟ್)

ನಮಸ್ಕಾರ ಎಲ್ರಿಗೂ. ಚಿತ್ರದುರ್ಗದಿಂದ ಮಾತಾಡ್ತಿದೀನಿ, ಹಿಂದೆ ಗುಡ್ಡದ ಮೇಲೆ ಫ್ಯಾನ್ ತಿರುಗ್ತಿದಾವಲ್ಲ, ಅಂಥದ್ದು 2 ಮೆಗಾವ್ಯಾಟ್‌ದು ಒಂದು ತಗೊಳ್ರಿ, ಅದು ಹಗಲು ರಾತ್ರಿ ಒಂದು ನಿಮಿಷನೂ ನಿಲ್ದಂಗೆ ಫುಲ್ ಲೋಡಲ್ಲಿ ಓಡಿದ್ರೂ ಬರೀ ಒಂದು ಗ್ರಾಂ ವಸ್ತುವಿಗೆ ಸಮ ಆಗೋ ಎನರ್ಜಿ ಕೊಡೋಕೆ ಹತ್ತತ್ರ 17 ತಿಂಗಳು ಬೇಕು. ಎರಡೂವರೆ ಕೋಟಿ ಯೂನಿಟ್! ಐನ್‌ಸ್ಟೈನ್ 1905ರಲ್ಲೇ ಕೊಟ್ಟ ಲೆಕ್ಕ ಇದು, ಇ ಈಕ್ವಲ್ಸ್ ಎಂಸಿ ಸ್ಕ್ವೇರ್.

ಆದ್ರೆ ಅಷ್ಟು ಕರೆಂಟ್ ಸಿಕ್ಕಿದ ಮಾತ್ರಕ್ಕೆ ಕೆಲಸ ಆಗಲ್ಲ, ಇದನ್ನ ಜಾಸ್ತಿ ಜನ ಹೇಳೋದೇ ಇಲ್ಲ. ಬೆಳಕು ಬರೋದು ಫೋಟಾನ್ ಅನ್ನೋ ಪುಟ್ಟ ಪುಟ್ಟ ಕಂತುಗಳಾಗಿ. ಒಂದು ಎಲೆಕ್ಟ್ರಾನ್ ಹುಟ್ಟಬೇಕಂದ್ರೆ ಜೊತೆಗೆ ಪಾಸಿಟ್ರಾನೂ (ಎಲೆಕ್ಟ್ರಾನ್ ಥರದ್ದೇ, ಆದ್ರೆ ಪಾಸಿಟಿವ್ ಚಾರ್ಜಿನ ಕಣ) ಹುಟ್ಟಲೇಬೇಕು, ಚಾರ್ಜ್ ಲೆಕ್ಕ ಸರಿಹೋಗ್ಬೇಕಲ್ಲ, ಆ ಜೋಡಿಗೆ ಕಮ್ಮಿ ಅಂದ್ರೂ 1.022 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಎನರ್ಜಿ ಅಳೆಯೋ ಅಳತೆ) ಬೇಕು, ಹಸಿರು ಬೆಳಕಿನ ಒಂದು ಫೋಟಾನ್ ಹತ್ರ ಇರೋದು ಎರಡು ಚಿಲ್ರೆ ಎಲೆಕ್ಟ್ರಾನ್ ವೋಲ್ಟ್ ಅಷ್ಟೇ. ನಾಲ್ಕು ಲಕ್ಷ ಪಟ್ಟು ವ್ಯತ್ಯಾಸ! ಅದಕ್ಕೇ ಮನೇಲಿ ಎಷ್ಟು ಬಲ್ಬ್ ಹಚ್ಚಿದ್ರೂ ಒಂದು ಎಲೆಕ್ಟ್ರಾನೂ ಹುಟ್ಟಲ್ಲ, ಗಾಮಾ ಕಿರಣನೇ ಬೇಕು, ಅಂದ್ರೆ ತುಂಬಾ ಜಾಸ್ತಿ ಎನರ್ಜಿ ಇರೋ ಬೆಳಕು.

ಗಾಮಾನೂ ಖಾಲಿ ಜಾಗದಲ್ಲಿ ಒಂಟಿಯಾಗಿ ಹೋಗ್ತಾ ಇದ್ರೆ ಏನೂ ಆಗಲ್ಲ, ಮೊಮೆಂಟಮ್, ಅಂದ್ರೆ ತಳ್ಳಿನ ಲೆಕ್ಕ ಕೂಡಲ್ಲ. ಪಕ್ಕದಲ್ಲಿ ಸೀಸದಂಥ ಭಾರಿ ನ್ಯೂಕ್ಲಿಯಸ್ ಇದ್ರೆ ಅದು ಆ ತಳ್ಳನ್ನ ತಗೊಳ್ಳುತ್ತೆ, ಆಗ ಜೋಡಿ ಹುಟ್ಟುತ್ತೆ. ಇದು 1930ರ ದಶಕದಿಂದ್ಲೂ ಲ್ಯಾಬಲ್ಲಿ ನೋಡಿರೋದೇ.

ಬರೀ ಬೆಳಕಿಗೆ ಬೆಳಕು ಡಿಕ್ಕಿ ಹೊಡೆಸಿದ್ರೆ? ಬ್ರೈಟ್, ವೀಲರ್ ಅಂತ ಇಬ್ರು ವಿಜ್ಞಾನಿಗಳು 1934ರಲ್ಲೇ ಲೆಕ್ಕ ಹಾಕಿ, ಆಗುತ್ತೆ ಅಂದ್ರು. 2021ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಲ್ಯಾಬಿನವರು ಚಿನ್ನದ ಅಯಾನ್‌ಗಳನ್ನ (ಎಲೆಕ್ಟ್ರಾನ್ ಕಳಚಿದ ಪರಮಾಣುಗಳನ್ನ) ಹತ್ತತ್ರ ಬೆಳಕಿನ ವೇಗದಲ್ಲಿ ಎದುರುಬದುರು ಓಡಿಸಿ, ಅವು ಒಂದಕ್ಕೊಂದು ತಾಗದೆ ಪಕ್ಕದಲ್ಲೇ ಹಾದು ಹೋದಾಗ ಅವುಗಳ ಸುತ್ತ ಇರೋ ಫೋಟಾನ್‌ಗಳು ಡಿಕ್ಕಿ ಹೊಡೆದು ಹುಟ್ಟಿದ 6,000ಕ್ಕೂ ಹೆಚ್ಚು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳ ಲೆಕ್ಕ ಕೊಟ್ರು. ಆ ಫೋಟಾನ್‌ಗಳು ಅಯಾನ್‌ಗಳ ವಿದ್ಯುತ್ ಕ್ಷೇತ್ರದ್ದೇ ಭಾಗ ಆಗಿರೋದ್ರಿಂದ ಅವನ್ನ ಪೂರ್ತಿ ಅಸಲಿ ಅನ್ನಬೋದಾ ಅಂತ ತಕರಾರು ಐತೆ, ಆದ್ರೆ ಹುಟ್ಟಿದ ಕಣಗಳು ಹಾರಿದ ದಿಕ್ಕು ನೋಡಿದ್ರೆ ಅಸಲಿ ಬೆಳಕಿಂದ ಹೆಂಗೆ ಬರಬೇಕೋ ಹಂಗೇ ಇತ್ತು, ನಂಗಂತೂ ಅದೇ ದೊಡ್ಡ ಸಾಕ್ಷಿ.

ಅಷ್ಟೂ ಜೋಡಿ ಸೇರಿಸಿದ್ರೆ ತೂಕ ಎಷ್ಟು ಗೊತ್ತಾ? ಒಂದೇ ಒಂದು ಕಾರ್ಬನ್ ಪರಮಾಣುವಿನಷ್ಟೂ ಇಲ್ಲ!

ಇದರ ಉಲ್ಟಾ ಕೆಲಸ ಆಸ್ಪತ್ರೆಯ ಪೆಟ್ ಸ್ಕ್ಯಾನಲ್ಲಿ ದಿನಾ ನಡೀತಾ ಐತೆ: ಔಷಧಿಯಿಂದ ಬಂದ ಪಾಸಿಟ್ರಾನ್ ನಮ್ಮ ಮೈಯೊಳಗಿನ ಎಲೆಕ್ಟ್ರಾನ್ ಜೊತೆ ಸೇರಿ ಎರಡೂ ಮಾಯ, ಎರಡು ಗಾಮಾ ಎದುರುಬದುರು ದಿಕ್ಕಿಗೆ ಹೊರಗೆ. ಅದು ಮುಂದಿನ ವಿಡಿಯೋದಲ್ಲಿ.