ಸುಗ್ಗಿ ಹಬ್ಬಕ್ಕೆ ಹೋದ ಹಾಸನದವರು

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಹಾಸನದ ರೆಡ್‌ಫರ್ನ್ ಆಸ್ಪತ್ರೆಯನ್ನು ಕಟ್ಟಿದವರು ಇಂಗ್ಲೆಂಡಿನ ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್ನಿನವರು. ಆದ್ದರಿಂದ ನಮ್ಮ ಹಿರಿಯರ ಬಾಯಲ್ಲಿ ಮಿಷನ್ ಎಂಬ ಮಾತಿಗೆ ಒಂದೇ ದಿಕ್ಕಿತ್ತು. ಕೊಡುವವರು ಕಡಲಾಚೆಯಿಂದ ಬರುತ್ತಿದ್ದರು, ಪಡೆಯುವವರು ನಾವಾಗಿದ್ದೆವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆ ಎಂಬ ಕ್ರೈಸ್ತ ಸಭೆಗಳು ಒಂದುಗೂಡಿ ನಮ್ಮ ದಕ್ಷಿಣ ಭಾರತ ಸಭೆಯಾದವು, ಅಂದರೆ ಸಿ.ಎಸ್.ಐ. ಇಂದು ಬ್ರಿಟನ್ನಿನ ಮೆಥೊಡಿಸ್ಟ್ ಸಭೆಯೂ ನಮ್ಮದೂ ಪರಸ್ಪರ ಸಹಭಾಗಿ ಸಭೆಗಳು. ಆದರೆ ಆ ಪದದ ಅರ್ಥ ನನಗೆ ತಿಳಿದದ್ದು, ಸಭಾಪಾಲಕರೊಂದಿಗೆ ನಾವು ಆರು ಮಂದಿ ಬ್ರಿಸ್ಟಲ್ ನಗರದ ಬಳಿಯ ಒಂದು ಚಿಕ್ಕ ಸಭೆಗೆ ಅತಿಥಿಗಳಾಗಿ ಹೋದಾಗ.

ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು 1739ರಲ್ಲಿ ಕಟ್ಟಿಸಿದ ‘ನ್ಯೂ ರೂಮ್’ ಎಂಬ ಕಟ್ಟಡವಿದೆ. ಮೆಥೊಡಿಸ್ಟರ ಅತ್ಯಂತ ಹಳೆಯ ಪ್ರಾರ್ಥನಾ ಮಂದಿರ ಅದೇ. ಬಡವರಿಗೆ ಔಷಧ ಕೊಡುವ ಕೆಲಸವೂ ಅಲ್ಲಿ ನಡೆಯುತ್ತಿತ್ತೆಂದು ಕೇಳಿದಾಗ, ವೃತ್ತಿಯಿಂದ ದಾದಿಯಾದ ನನಗೆ ನಮ್ಮೂರಿನ ಆಸ್ಪತ್ರೆಯ ಬೇರು ಎಲ್ಲಿಯದೆಂದು ಗೊತ್ತಾಯಿತು.

ನಾವು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅಲ್ಲಿ ಅದು ಸುಗ್ಗಿ ಹಬ್ಬದ ಕಾಲ. ನಮ್ಮ ಸಭೆಗಳಲ್ಲಿ ಸುಗ್ಗಿ ಹಬ್ಬವೆಂದರೆ ಬಲಿಪೀಠದ ಮುಂದೆ ತೆಂಗಿನಕಾಯಿ, ಬಾಳೆಗೊನೆ, ರಾಗಿ, ಕಾಲು ಕಟ್ಟಿದ ಕೋಳಿ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಗದ್ದಲದ ಹರಾಜು. ಅಲ್ಲಿಯ ಬಲಿಪೀಠದ ಮುಂದೆ ಕುಂಬಳಕಾಯಿ, ಸೇಬುಗಳ ಪಕ್ಕದಲ್ಲಿ ಬೀನ್ಸ್ ಡಬ್ಬಿಗಳು, ಪಾಸ್ತಾ ಪೊಟ್ಟಣಗಳು, ಕೆಡದ ಹಾಲಿನ ಪೆಟ್ಟಿಗೆಗಳು ಸಾಲಾಗಿದ್ದವು. ಗದ್ದೆ ತೋಟಗಳಿಂದ ಬಾರದ ಈ ಡಬ್ಬಿಗಳು ಸುಗ್ಗಿಗೆ ಏಕೆ ಬಂದವೆಂದು ನನಗೆ ಅಚ್ಚರಿಯಾಯಿತು. ಮರುದಿನ ಅವನ್ನೆಲ್ಲ ಫುಡ್ ಬ್ಯಾಂಕಿಗೆ ಒಯ್ದರು. ನಮ್ಮನ್ನೂ ಕರೆದುಕೊಂಡು ಹೋದರು.

ಫುಡ್ ಬ್ಯಾಂಕ್ ಎಂದರೆ ಮನೆಯಲ್ಲಿ ಅಡುಗೆಗೆ ಏನೂ ಉಳಿಯದವರಿಗೆ ದಿನಸಿ ಕೊಡುವ ಸ್ಥಳ. ವೈದ್ಯರೋ ಶಾಲೆಯವರೋ ಬರೆದುಕೊಟ್ಟ ಚೀಟಿ ತಂದವರಿಗೆ ಕನಿಷ್ಠ ಮೂರು ದಿನಗಳಿಗಾಗುವಷ್ಟು ಆಹಾರ ಸಿಗುತ್ತದೆ. ನಮಗೆ ವಹಿಸಿದ ಕೆಲಸ ಡಬ್ಬಿಗಳ ಮೇಲಿನ ದಿನಾಂಕ ನೋಡಿ, ಬೇಗ ಅವಧಿ ಮುಗಿಯುವವನ್ನು ಮುಂದಕ್ಕೆ ಜೋಡಿಸುವುದು. ಮಗುವನ್ನು ಎತ್ತಿಕೊಂಡು ಬಂದ ಒಬ್ಬ ತಾಯಿ ತಲೆ ತಗ್ಗಿಸಿ ಚೀಟಿ ಚಾಚಿದಾಗ, ನಮ್ಮ ಆಸ್ಪತ್ರೆಗಳಲ್ಲಿ ಬಿಲ್ಲು ಕಟ್ಟಲಾಗದೆ ನಿಲ್ಲುವ ತಾಯಂದಿರ ಮುಖವೇ ನನಗೆ ಕಂಡಿತು. ಶ್ರೀಮಂತ ದೇಶವೆಂದು ನಾವು ನಂಬಿದ್ದ ನಾಡಿನಲ್ಲಿ, ಆ ಮಗುವಿನ ತಾಯಿಯ ಕೈಗೆ ಅಕ್ಕಿಯ ಚೀಲ ಕೊಟ್ಟದ್ದು ಹಾಸನದ ಒಬ್ಬ ದಾದಿ. ಆ ಕ್ಷಣದಲ್ಲಿ ನನಗೆ ಹೆಮ್ಮೆಯೆನಿಸಲಿಲ್ಲ, ಕೈ ನಡುಗಿತು.

ಸಕಲೇಶಪುರದಿಂದ ಒಯ್ದ ಕಾಫಿ ಪುಡಿಯ ವಿಷಯವನ್ನೂ ಹೇಳಬೇಕು. ಅಲ್ಲಿಯ ಸಭೆಯವರು ವಾರಕ್ಕೊಮ್ಮೆ ಬೆಳಗ್ಗೆ ಕಾಫಿ ಕೂಟ ನಡೆಸುತ್ತಾರೆ. ಒಂಟಿಯಾಗಿ ಬದುಕುವ ವೃದ್ಧರು ಇಡೀ ವಾರದಲ್ಲಿ ಮನುಷ್ಯರೊಡನೆ ಮಾತನಾಡುವುದು ಕೆಲವೊಮ್ಮೆ ಅಲ್ಲಿ ಮಾತ್ರ. ನಾವು ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ ಕೊಟ್ಟೆವು. ಎಂಬತ್ತು ದಾಟಿದ ಒಬ್ಬ ಅಜ್ಜಿ ನನ್ನ ಕೈ ಹಿಡಿದು, ತಮ್ಮ ಮಂದಿರದಲ್ಲಿ ಈಗ ಇಪ್ಪತ್ತು ಜನ ಸೇರುವುದೂ ಕಷ್ಟ, ನಮಗಾಗಿ ನೀವು ಪ್ರಾರ್ಥಿಸಬೇಕು ಎಂದರು. ಬಾಲ್ಯದಿಂದಲೂ ಆ ನಾಡಿನ ಸಭೆಗಳವರ ಪ್ರಾರ್ಥನೆಯನ್ನು ನಾವು ಬೇಡಿದ್ದುಂಟು. ಅವರು ನಮ್ಮಲ್ಲಿ ಬೇಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹತ್ತು ದಿನಗಳ ಪ್ರವಾಸದಿಂದ ಊರು ಉದ್ಧಾರವಾಗುತ್ತದೆಂದು ನಾನು ನಂಬುವುದಿಲ್ಲ. ಅಂಥ ತಂಡಗಳು ಬಂದು ಶಾಲೆಯ ಗೋಡೆಗೆ ಸುಣ್ಣ ಬಳಿದು ಹೋಗುವುದಕ್ಕಿಂತ, ಆ ಕೂಲಿ ನಮ್ಮೂರಿನ ಕೆಲಸಗಾರರಿಗೆ ಸಿಗುವುದೇ ನ್ಯಾಯ. ಮುಂದಿನ ಸಲ ಬ್ರಿಸ್ಟಲ್ ಬಳಿಯ ಆ ಸಭೆಯವರು ನಮ್ಮಲ್ಲಿಗೆ ಬರುತ್ತಾರೆ. ಯಾವ ಕೆಲಸ ಮಾಡಿಕೊಡಲಿ ಎಂದು ಪತ್ರದಲ್ಲಿ ಕೇಳಿದ್ದರು. ಸುಗ್ಗಿ ಹಬ್ಬದ ದಿನವೇ ಬನ್ನಿ, ನಮ್ಮ ಮನೆಗಳಲ್ಲಿ ಉಳಿಯಿರಿ, ಹರಾಜಿನಲ್ಲಿ ನಮ್ಮ ಪಕ್ಕದಲ್ಲಿ ನಿಂತು ಒಂದು ತೆಂಗಿನಕಾಯಿಯನ್ನಾದರೂ ಕೂಗಿ ಕೊಳ್ಳಿರಿ ಎಂದು ಸಭೆಯ ಪರವಾಗಿ ನಾನು ಉತ್ತರ ಬರೆದಿದ್ದೇನೆ.

ನಮಸ್ಕಾರ.